ಒಂದು ರುಬ್ಬಿಗೆ ಎರಡು-ಮೂರು ಅಡಿಗೆ: ದುಡಿಯುವ ಮನೆಯವರ ವಾರದ ಊಟ

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ರಾತ್ರಿಯ ಅಡಿಗೆ ತಡವಾಗುವುದು ಒಲೆ ಹಚ್ಚುವ ಮೊದಲೇ. ಕಾಯಿ ಒಡೆದು ತುರಿಯಬೇಕು, ರುಬ್ಬಬೇಕು, ಸೊಪ್ಪು ಬಿಡಿಸಬೇಕು, ಮೀನು ಹಸನು ಮಾಡಬೇಕು. ಇಷ್ಟು ಮುಗಿದಿದ್ದರೆ ನಮ್ಮ ಉತ್ತರ ಕನ್ನಡದ ಅಡಿಗೆ ಬಹಳ ಚುರುಕಿನದು. ತಂಬುಳಿಗೆ (ಸೊಪ್ಪು ರುಬ್ಬಿ ಮಜ್ಜಿಗೆ ಬೆರೆಸಿದ್ದು) ಒಲೆಯ ಕೆಲಸ ಎರಡು ನಿಮಿಷ, ಹಶಿಗೆ (ಹಸಿ ತರಕಾರಿಯ ಮೊಸರು ಪಚಡಿ) ಒಗ್ಗರಣೆಯಷ್ಟೇ, ಬಂಗಡೆ ಸಾರಿಗೆ ಕಾಲು ತಾಸು. ಶಿರಸಿ-ಯಲ್ಲಾಪುರದ ಸಸ್ಯಾಹಾರಿ ಮನೆಯಿರಲಿ, ಕಾರವಾರ-ಅಂಕೋಲೆಯ ಮೀನಿನ ಮನೆಯಿರಲಿ, ಈ ಮುಂಗೆಲಸವನ್ನು ವಾರದಲ್ಲಿ ಎರಡು ಹೊತ್ತಿಗೆ ಒಟ್ಟುಮಾಡಿಟ್ಟರೆ ಉಳಿದ ದಿನ ಮುಕ್ಕಾಲು ತಾಸಿನೊಳಗೆ ಬಡಿಸಬಹುದು.

ಕೆಳಗಿನ ಅಳತೆಯೆಲ್ಲ ನಾಲ್ಕು ಜನರಿಗೆ. ಲೋಟ ಎಂದರೆ 200 ಮಿ.ಲೀ., ಚಮಚ ಎಂದರೆ ಚಹಾ ಚಮಚ.

ಬಟ್ಟಲಲ್ಲಿ ಕಡಿಮೆ ಬೀಳುವುದು ಯಾವುದು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕಿಲೊಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ ಎಂಬ ಲೆಕ್ಕವಿದೆ. ನಮ್ಮಲ್ಲಿ ಅಕ್ಕಿಗೆ ಕೊರತೆಯಿಲ್ಲ, ಬೆಳಗಿನ ತೆಳುದೋಸೆಯಾದ ತೆಳ್ಳೇವಿನಿಂದ ರಾತ್ರಿಯ ಅನ್ನದವರೆಗೆ ಅದೇ. ಸೊರಗುವುದು ಬೇಳೆಕಾಳು. ಒಂದು ಲೋಟ ತೊಗರಿಬೇಳೆ ಸುಮಾರು 170 ಗ್ರಾಂ ತೂಗುತ್ತದೆ, ಅಂದರೆ ಇಬ್ಬರ ಒಂದು ದಿನದ ಪಾಲು. ನಾಲ್ಕು ಜನರ ಸಾರಿಗೆ ಅರ್ಧ ಲೋಟ ಬೇಳೆ ಹಾಕಿ ನೀರು ಬೆರೆಸಿದರೆ ಹೊಟ್ಟೆ ತುಂಬಬಹುದು, ಪಾಲು ತುಂಬುವುದಿಲ್ಲ. ಮೀನು, ಮೊಟ್ಟೆ ತಿನ್ನುವವರಿಗೆ ಕೊರತೆಯ ಒಂದಂಶ ಅಲ್ಲಿ ನೀಗುತ್ತದೆ. ತಂಬುಳಿ-ಅನ್ನವೇ ಊಟವಾಗಿರುವ ಮನೆಯಲ್ಲಿ ಮಾತ್ರ ದಿನಕ್ಕೊಂದು ಕಾಳಿನ ಪದಾರ್ಥ ಬೇಕೇಬೇಕು.

ಕಾಯಿ: ಮೊದಲು ಇದನ್ನು ಬಗೆಹರಿಸಿ

ಮಧ್ಯಮ ಗಾತ್ರದ ಒಂದು ಕಾಯಿಯಿಂದ ಸುಮಾರು ಎರಡು ಲೋಟ ತುರಿ ಬರುತ್ತದೆ. ರವಿವಾರ ಎರಡು, ಬುಧವಾರ ಎರಡು ಒಡೆದರೆ ಹೆಚ್ಚಿನ ಮನೆಗಳಿಗೆ ವಾರ ಸಾಗುತ್ತದೆ. ಮಾಡುವ ಕ್ರಮ ಹೀಗಿರಲಿ.

1. ಒಡೆದ ತಕ್ಷಣ ಕಾಯಿಯ ನೀರನ್ನು ಬೇರೆ ಪಾತ್ರೆಗೆ ಬಸಿದು, ಹೋಳನ್ನು ಬಟ್ಟೆಯಲ್ಲಿ ಒರೆಸಿ ತುರಿಯಿರಿ. ಒದ್ದೆ ತುರಿ ಬೇಗ ಹುಳಿ ನಾರುತ್ತದೆ.
2. ಕರಟದ ಹತ್ತಿರದ ಕಂದು ಭಾಗ ಬರುವ ಮೊದಲೇ ನಿಲ್ಲಿಸಿ. ಆ ಉಳಿಕೆಯನ್ನು ಬೇರೆಯಾಗಿ ತುರಿದು ಚಟ್ನಿಗೆ ಹಾಕಿ. ಹಶಿಗೆ ಬಿದ್ದರೆ ಬಣ್ಣ ಕೆಡುತ್ತದೆ.
3. ಎರಡು ದಿನಕ್ಕೆ ಬೇಕಾದಷ್ಟು ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗೆ. ಉಳಿದದ್ದನ್ನು ಒಂದೊಂದು ಲೋಟದಂತೆ ಚೀಲದಲ್ಲಿ ತುಂಬಿ, ಅಂಗೈಯಿಂದ ತಟ್ಟಿ ಚಪ್ಪಟೆ ಮಾಡಿ ಫ್ರೀಜರಿಗೆ. ಉಂಡೆ ಕಟ್ಟಿಟ್ಟರೆ ಕರಗಲು ಒಂದು ತಾಸು ಬೇಕು, ಚಪ್ಪಟೆಯಾಗಿದ್ದರೆ ಹತ್ತು-ಹದಿನೈದು ನಿಮಿಷ ಸಾಕು.
4. ಫ್ರೀಜರಿನಿಂದ ತೆಗೆದ ತುರಿಯನ್ನು ತಣ್ಣೀರು ಹಾಕಿ ರುಬ್ಬಬೇಡಿ. ಕಾಯಿಯ ಎಣ್ಣೆ ತಂಪಿಗೆ ಹೆಪ್ಪುಗಟ್ಟುವ ಜಾತಿಯದು. ಜಾರಿನಲ್ಲಿ ಎಣ್ಣೆ ಬೇರೆ, ಹಿಂಡಿ ಬೇರೆ ಆಗಿ ಅರಪ್ಪು ಎಷ್ಟು ತಿರುಗಿಸಿದರೂ ನುಣ್ಣಗಾಗುವುದಿಲ್ಲ. ಉಗುರುಬೆಚ್ಚಗಿನ ನೀರು ಹಾಕಿದರೆ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ.

ರುಬ್ಬಿದ ಅರಪ್ಪನ್ನೇ ವಾರಗಟ್ಟಲೆ ಕೂಡಿಡುವವರಿದ್ದಾರೆ. ತುರಿ ತಡೆದಷ್ಟು ದಿನ ರುಬ್ಬಿದ್ದು ತಡೆಯುವುದಿಲ್ಲ, ಪರಿಮಳವೂ ಹಾರಿಹೋಗುತ್ತದೆ. ತುರಿದಿಡುವುದೇ ಒಳ್ಳೆಯದು.

ಇನ್ನು ರುಬ್ಬುವ ಸರದಿ. ಒಂದೇ ಜಾರನ್ನು ತೊಳೆಯದೆ ಎರಡು ಪದಾರ್ಥ ಮುಗಿಸಬೇಕೆಂದರೆ ಸಪ್ಪೆಯಿಂದ ಖಾರದ ಕಡೆಗೆ ಹೋಗಬೇಕು. ಮೊದಲು ಹಶಿ ಅಥವಾ ತಂಬುಳಿಯದು, ಆಮೇಲೆ ಅದೇ ಜಾರಿಗೆ ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ ಬಿದ್ದು ಕಾಯಿರಸದ್ದು (ತರಕಾರಿ, ಬೇಳೆಗೆ ಕಾಯಿಮಸಾಲೆ ಹಾಕಿ ಕುದಿಸಿದ ಪದಾರ್ಥ). ಕೊನೆಗೆ ಜಾರು ತೊಳೆದ ನೀರೂ ಕಾಯಿರಸಕ್ಕೇ. ಸರದಿ ತಿರುವುಮುರುವಾದರೆ ಹಶಿ ಕೆಂಪಗಾಗಿ, ಮಕ್ಕಳು ಖಾರ ಎಂದು ತಳ್ಳುತ್ತಾರೆ.

ಆರೂವರೆಗೆ ಮನೆ, ಏಳೂಕಾಲಿಗೆ ಬಾಳೆ

ತೊಗರಿಬೇಳೆ ಬೆಳಿಗ್ಗೆಯೇ ನೆನೆಹಾಕಿ ಹೋಗಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಪರವಾಗಿಲ್ಲ, ಎರಡು ಸೀಟಿ ಹೆಚ್ಚು ಅಷ್ಟೇ.

ಮನೆಗೆ ಬಂದು ಕೈಕಾಲು ತೊಳೆದವರೇ ಫ್ರೀಜರಿನ ಕಾಯಿ ಹೊರಗಿಡಿ. ಐದು ಲೀಟರಿನ ಕುಕ್ಕರಿನ ತಳಕ್ಕೆ ಎರಡು ಲೋಟ ನೀರು. ಕೆಳಗಿನ ಡಬ್ಬಿಯಲ್ಲಿ ಒಂದು ಲೋಟ ಬೇಳೆ, ಎರಡೂವರೆ ಲೋಟ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಮೇಲಿನ ಡಬ್ಬಿಯಲ್ಲಿ ಒಂದೂವರೆ ಲೋಟ ಅಕ್ಕಿ, ಮೂರು ಲೋಟ ನೀರು. ನಾಲ್ಕು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ. ಬೇಳೆಗೆ ಹುಣಸೆಯಾಗಲಿ ಮುರುಗಲಾಗಲಿ (ಕೋಕಂ) ಈ ಹಂತದಲ್ಲಿ ಬೇಡ. ಹುಳಿ ಬಿದ್ದ ಬೇಳೆ ಎಷ್ಟು ಸೀಟಿ ಹೊಡೆಸಿದರೂ ಕರಗುವುದಿಲ್ಲ. ‘ಬೇಳೆಯೇ ಸರಿಯಿಲ್ಲ’ ಎಂದು ಅಂಗಡಿಯವನನ್ನು ಬೈಯುವ ಮೊದಲು ಇದನ್ನು ನೋಡಿಕೊಳ್ಳಿ.

ಕುಕ್ಕರ್ ತನ್ನ ಕೆಲಸ ಮಾಡುವಾಗ ಎರಡನೆಯ ಒಲೆಯ ಮೇಲೆ 400 ಗ್ರಾಂ ತರಕಾರಿ: ಮೊಗೆಕಾಯಿ (ಮಂಗಳೂರು ಸೌತೆ), ಬದನೆ, ಸುವರ್ಣಗೆಡ್ಡೆ, ಯಾವುದಿದ್ದರೆ ಅದು. ಮುಳುಗುವಷ್ಟು ನೀರು, ಉಪ್ಪು, ಮುಚ್ಚಳ. ಅದು ಬೇಯುವಷ್ಟರಲ್ಲಿ ರುಬ್ಬುವುದು.

ಹಶಿಗೆ: ಅರ್ಧ ಲೋಟ ಕಾಯಿ, ಒಂದು ಹಸಿಮೆಣಸು; ನುಣ್ಣಗಾದ ಮೇಲೆ ಕೊನೆಯ ಎರಡು ಸುತ್ತಿಗೆ ಕಾಲು ಚಮಚ ಸಾಸಿವೆ. ಸಾಸಿವೆಯನ್ನು ಮೊದಲೇ ಹಾಕಿ ಬಹಳ ಹೊತ್ತು ರುಬ್ಬಿದರೆ ಕಹಿಯಾಗುತ್ತದೆ. ಇದನ್ನು ಒಂದು ಲೋಟ ಮೊಸರು, ಎರಡು ಲೋಟ ಸೌತೆಕಾಯಿ ತುರಿಗೆ ಬೆರೆಸಿ. ಉಪ್ಪು ಬಡಿಸುವಾಗ ಹಾಕಿ, ಮುಂಚೆ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಹಶಿ ಸಾರಿನಂತಾಗುತ್ತದೆ.

ಕಾಯಿರಸಕ್ಕೆ: ಒಂದು ಚಮಚ ಎಣ್ಣೆಯಲ್ಲಿ ಒಂದು ಚಮಚ ಉದ್ದಿನಬೇಳೆ, ನಾಲ್ಕೈದು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಕೊನೆಯಲ್ಲಿ ಆರೇಳು ಮೆಂತೆ ಕಾಳು. ಮೆಂತೆ ಕಪ್ಪಾದರೆ ಇಡೀ ಪಾತ್ರೆ ಕಹಿ, ಬೆಲ್ಲ ಹಾಕಿ ಸರಿಪಡಿಸಲು ಬರುವುದಿಲ್ಲ. ಒಂದು ಲೋಟ ಕಾಯಿಯೊಂದಿಗೆ ರುಬ್ಬಿ ಬೆಂದ ತರಕಾರಿಗೆ ಹಾಕಿ, ಬೆಂದ ಬೇಳೆಯಲ್ಲಿ ಅರ್ಧವನ್ನು ಬೆರೆಸಿ, ಮೂರ್ನಾಲ್ಕು ಮುರುಗಲು ಸಿಪ್ಪೆ, ಸುಪಾರಿಯಷ್ಟು ಬೆಲ್ಲ. ಕುದಿ ಬಂದ ಮೇಲೆ ಐದು ನಿಮಿಷ ಸಾಕು. ಬಹಳ ಕುದಿಸಿದರೆ ಕಾಯಿ ಒಡೆದು ಎಣ್ಣೆ ಮೇಲೆ ತೇಲುತ್ತದೆ.

ಉಳಿದ ಅರ್ಧ ಬೇಳೆಯನ್ನು ಹಾಗೇ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಮರುದಿನ ಅದೇ ದಾಳಿತೋವೆ: ಸೀಳಿದ ಮೂರು ಹಸಿಮೆಣಸು, ಒಂದಿಂಚು ಜಜ್ಜಿದ ಶುಂಠಿ ಹಾಕಿ ಕುದಿಸಿ, ಸಾಸಿವೆ, ಒಣಮೆಣಸು, ಕರಿಬೇವು, ಇಂಗಿನ ಒಗ್ಗರಣೆ. ಕಾಯಿಯೂ ಬೇಡ, ಮಿಕ್ಸಿಯೂ ಬೇಡ. ಕಾಯಿ ಬಿದ್ದ ಪದಾರ್ಥ ಕರಾವಳಿಯ ಸೆಕೆಯಲ್ಲಿ ಬೆಳಗಿನೊಳಗೆ ಹಳಸುತ್ತದೆ. ಆದ್ದರಿಂದ ಮುಂದಿನ ದಿನಕ್ಕೆ ಕೂಡಿಡುವುದೇನಿದ್ದರೂ ಬೆಂದ ಬೇಳೆ, ಬೆಂದ ಕಾಳು ಮಾತ್ರ.

ಕಾಳು

ಹೆಸರು, ಅಲಸಂದೆ, ಕಡಲೆ, ಹುರುಳಿ. ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಲೋಟ ನೆನೆಹಾಕಿ. ಹೆಸರು ಎಂಟು ತಾಸು ನೆನೆದ ಮೇಲೆ ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ 12 ತಾಸಿಗೆ ಮೊಳಕೆ, ಮಳೆಗಾಲದಲ್ಲಿ ಒಂದು ದಿನ ದಾಟುತ್ತದೆ. ಮುಟ್ಟಿದರೆ ಲೋಳೆ, ಮೂಸಿದರೆ ಹುಳಿ ವಾಸನೆ ಇದ್ದರೆ ನೀರು ಸರಿಯಾಗಿ ಬಸಿದಿಲ್ಲ ಎಂದರ್ಥ. ಅದನ್ನು ತೊಳೆದು ಉಪಯೋಗಿಸುವ ಆಸೆ ಬೇಡ, ಚೆಲ್ಲಿ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಮೊಳಕೆ ಕಾಳನ್ನು ಹಸಿಯಾಗಿ ಕೊಡದೆ ಬೇಯಿಸಿಯೇ ಕೊಡಬೇಕು.

ಹುರುಳಿ ಒಂದಕ್ಕೆ ಎರಡು ಕೊಡುವ ಕಾಳು. ರಾತ್ರಿ ನೆನೆಸಿದ ಎರಡು ಲೋಟಕ್ಕೆ ಆರು ಲೋಟ ನೀರು ಹಾಕಿ ಏಳೆಂಟು ಸೀಟಿ. ಬಸಿದ ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ, ಮುರುಗಲು ಹಾಕಿದರೆ ಸಾರು. ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮಕ್ಕಳ ಶಾಲೆಯ ಡಬ್ಬಿಗೆ ಈ ಪಲ್ಯವನ್ನು ಕಾಯಿತುರಿ ಹಾಕದೆ ತೆಗೆದಿಡಿ. ತಂಬುಳಿ, ಹಶಿ ಡಬ್ಬಿಗೆ ಸಲ್ಲದವು. ಮಧ್ಯಾಹ್ನ ಒಂದು ಗಂಟೆಯವರೆಗೆ ತಡೆಯುವುದಿಲ್ಲ.

ಕಾಳು-ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕೆಂದರೆ ಜೊತೆಗೆ ವಿಟಮಿನ್ ಸಿ ಇರಬೇಕು. ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ವಿಟಮಿನ್ ಬಿಸಿಗೇ ನಷ್ಟ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಇದಕ್ಕೆ ಅಡ್ಡಗಾಲು. ಒಂದು ತಾಸು ಬಿಟ್ಟು ಕುಡಿಯಿರಿ.

ತಂಬುಳಿ

ಒಂದೆಲಗ ತಿಂದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ ಎಂದು ಮಕ್ಕಳಿಗೆ ಆಸೆ ಹಚ್ಚುವವರಿದ್ದಾರೆ. ಅದು ಹಾಗಿರಲಿ, ಹಿತ್ತಲಲ್ಲಿ ದುಡ್ಡಿಲ್ಲದೆ ಸಿಗುವ ಸೊಪ್ಪನ್ನು ಹತ್ತು ನಿಮಿಷದಲ್ಲಿ ಊಟಕ್ಕೆ ತರುವ ದಾರಿ ಇದೊಂದೇ. ಒಂದು ಹಿಡಿ ಎಲೆ, ಒಂದು ಚಮಚ ಜೀರಿಗೆ, ಐದು ಕಾಳುಮೆಣಸು, ಅರ್ಧ ಲೋಟ ಕಾಯಿ, ಒಂದೂವರೆ ಲೋಟ ಹುಳಿಯಿಲ್ಲದ ಮಜ್ಜಿಗೆ. ಜೀರಿಗೆ-ಮೆಣಸನ್ನು ತುಪ್ಪದಲ್ಲಿ ಹುರಿದು ಎಲ್ಲ ಸೇರಿಸಿ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ, ಒಗ್ಗರಣೆ.

ಒಂದೆಲಗವನ್ನು ಹಸಿಯಾಗಿಯೇ ರುಬ್ಬುತ್ತಾರೆ. ಅದು ಬೆಳೆಯುವುದು ನೀರು ನಿಲ್ಲುವ ಜಾಗದಲ್ಲಿ, ತೋಟದ ಕಾಲುವೆಯ ಪಕ್ಕದಲ್ಲಿ. ಹಾಗಾಗಿ ಉಪ್ಪು ನೀರಿನಲ್ಲಿ ಐದು ನಿಮಿಷ ಇಟ್ಟು, ಹರಿಯುವ ನೀರಿನಲ್ಲಿ ಮೂರು ಸಲ ತೊಳೆಯಿರಿ. ಬಚ್ಚಲ ನೀರು ಹರಿಯುವಲ್ಲಿ ಬೆಳೆದದ್ದು ಬೇಡವೇ ಬೇಡ. ದೊಡ್ಡಪತ್ರೆ, ವಿಟಮಿನ್ ಸೊಪ್ಪು, ಕರಿಬೇವನ್ನು ತುಪ್ಪದಲ್ಲಿ ಬಾಡಿಸಬೇಕು. ಬಾಡಿಸಿದ್ದು ಪೂರ್ತಿ ಆರದೆ ಮಜ್ಜಿಗೆ ಸೇರಿದರೆ ತಂಬುಳಿ ಒಡೆಯುತ್ತದೆ. ಒಗ್ಗರಣೆಯನ್ನೂ ಅರ್ಧ ನಿಮಿಷ ತಣಿಸಿ ಹಾಕಿ. ತಂಬುಳಿಯನ್ನು ಎಂದೂ ಬಿಸಿ ಮಾಡುವಂತಿಲ್ಲ, ಆ ಹೊತ್ತಿಗೆ ಬೇಕಾದಷ್ಟೇ ಮಾಡಿ.

ಬೆಳಗಿನ ಆಸರಿಗೆ ತೆಳ್ಳೇವು

ಹಿಟ್ಟು ಉಬ್ಬಲು ಕಾಯಬೇಕಾಗಿಲ್ಲ, ಅದೇ ಇದರ ಲಾಭ. ಎರಡು ಲೋಟ ಬೆಳ್ತಿಗೆ ಅಕ್ಕಿ, ಅರ್ಧ ಲೋಟ ಹೆಸರುಬೇಳೆ ರಾತ್ರಿ ನೆನೆಸಿ, ಬೆಳಿಗ್ಗೆ ಎರಡು ಲೋಟ ಮೊಗೆಕಾಯಿ ಹೋಳಿನೊಂದಿಗೆ ರುಬ್ಬಿ. ಮೊಗೆಕಾಯಿಯೇ ನೀರು ಬಿಡುವುದರಿಂದ ಮೊದಲು ನೀರು ಹಾಕದೆ ತಿರುಗಿಸಿ, ಆಮೇಲೆ ಹಾಲಿನಷ್ಟು ತೆಳ್ಳಗೆ ಮಾಡಿ. ಹೋಳೊಂದನ್ನು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ, ಕಹಿ ಸೌತೆ ಜಾತಿಯ ಕಾಯಿ ಹೊಟ್ಟೆ ಕೆಡಿಸುತ್ತದೆ.

ಕಾವಲಿಗೆ ಹಿಡಿದರೆ ಕಾವು ಸಾಲದು. ಎರೆದಾಗ ತೂತು ಬೀಳದಿದ್ದರೆ ಹಿಟ್ಟು ದಪ್ಪ. ಎಬ್ಬಿಸುವಾಗ ಹರಿದರೆ ನೀರು ಹೆಚ್ಚಾಗಿದೆ, ಒಂದು ಹಿಡಿ ಅಕ್ಕಿಹಿಟ್ಟು ಕಲಸಿ. ಮೊದಲ ನಾಲ್ಕು ಚೆನ್ನಾಗಿ ಬಂದು ಕೊನೆಯವು ಕೆಟ್ಟರೆ ಹಿಟ್ಟು ತಳಕ್ಕೆ ಕೂತಿದೆ, ಪ್ರತಿ ಸಲ ಸೌಟಾಡಿಸಿಯೇ ಎರೆಯಬೇಕು. ತೆಂಗಿನಕಾಯಿ ಹಾಕುವ ರೂಢಿಯಿದ್ದರೆ ಅಂದು ಎರೆಯುವ ಹಿಟ್ಟಿಗೆ ಮಾತ್ರ ಹಾಕಿ.

ಗಂಜಿ

ಕುಚ್ಚಲಕ್ಕಿಯನ್ನು ಭತ್ತವಿರುವಾಗಲೇ ಬೇಯಿಸಿ ಒಣಗಿಸುವುದರಿಂದ ಹೊರಪದರದ ಬಿ ವಿಟಮಿನ್ನುಗಳು ಒಂದಷ್ಟು ಕಾಳಿನೊಳಕ್ಕೆ ಇಳಿದಿರುತ್ತವೆ, ಮಿಲ್ಲಿನಲ್ಲಿ ಪೂರ್ತಿ ಹೋಗುವುದಿಲ್ಲ. ತಡವಾಗಿ ಬೇಯುವುದೊಂದೇ ತೊಡಕು. ಒಂದು ಲೋಟ ಅಕ್ಕಿಯನ್ನು ಒಂದು ತಾಸು ನೆನೆಸಿ, ಐದು ಲೋಟ ನೀರಿನೊಂದಿಗೆ ಕುಕ್ಕರಿಗೆ ನೇರ ಹಾಕಿ, ಎರಡು ಸೀಟಿಯ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಗಂಜಿಯ ನೊರೆ ಉಕ್ಕಿ ಸೀಟಿಯ ತೂತು ಕಟ್ಟಿಕೊಳ್ಳುತ್ತದೆ, ಆದ್ದರಿಂದ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬಾರದು. ಉಳಿದ ಅನ್ನವನ್ನು ಪಾತ್ರೆಯಲ್ಲೇ ಬಿಡದೆ ಅಗಲ ತಟ್ಟೆಗೆ ಹರಡಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ. ಬೆಚ್ಚಗೆ ಕೂತ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ.

ಮೀನು

ಬಂಗಡೆ, ತಾರ್ಲೆ (ಬೂತಾಯಿ) ಅಗ್ಗದ ಮೀನು ಎಂದು ನೆಂಟರು ಬಂದಾಗ ಬದಿಗೆ ಸರಿಸುತ್ತಾರೆ. ಒಮೆಗಾ-3 ಕೊಬ್ಬಿನಲ್ಲಿ ಇವು ಪಾಪ್ಲೆಟ್ಟಿಗಿಂತ ಮುಂದೆ. ಚೆನ್ನಾಗಿ ಬೆಂದ ಸಣ್ಣ ತಾರ್ಲೆಯ ಮೆತ್ತಗಿನ ಮುಳ್ಳಿನಲ್ಲಿ ಕ್ಯಾಲ್ಸಿಯಂ ಬೇರೆ ಇದೆ. ಪೇಟೆಯಲ್ಲೇ ಕೊಯ್ಯಿಸಿಕೊಂಡು ಬಂದರೆ ಅರ್ಧ ತಾಸು ಉಳಿಯುತ್ತದೆ.

ಆದರೆ ಒಂದು ಎಚ್ಚರ. ಬಂಗಡೆ, ತಾರ್ಲೆ, ಗೇದರೆಯಂಥ (ಟ್ಯೂನಾ) ಮೀನು ಬಿಸಿಲಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಮೂರು ತಾಸು ಇದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುವುದು ಇದರಿಂದ. ಹುರಿದರೂ ಕುದಿಸಿದರೂ ಅದು ಹೋಗದು. ಕೊಳ್ಳುವಾಗ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಕುಳಿ ಎದ್ದು ಬರಬೇಕು. ತರುವಾಗ ಮಂಜುಗಡ್ಡೆ ಕೇಳಿ ಹಾಕಿಸಿಕೊಳ್ಳಿ.

ನಾಲ್ಕು ದೊಡ್ಡ ಬಂಗಡೆಗೆ ಒಂದು ಲೋಟ ಕಾಯಿ, ನೆನೆಸಿದ 8 ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಕಾಲು ಚಮಚ ಅರಿಶಿನ, ಗೋಲಿ ಗಾತ್ರದ ಹುಣಸೆ. ಕೈಗೆ ಕಾಳು ಸಿಗದಷ್ಟು ನುಣ್ಣಗೆ ರುಬ್ಬಿ, ಎರಡು ಲೋಟ ನೀರಿನೊಂದಿಗೆ ಐದು ನಿಮಿಷ ಕುದಿಸಿ. ಆಮೇಲೆ ಆರೇಳು ಜುಮ್ಮನಕಾಯಿ (ತೆಪ್ಪಲ ಎಂಬ ಮಸಾಲೆಕಾಯಿ): ಒಳಗಿನ ಕರಿ ಬೀಜ ತೆಗೆದು, ಸಿಪ್ಪೆಯನ್ನು ಸ್ವಲ್ಪ ಜಜ್ಜಿ ಹಾಕಿ. ಬೀಜ ಬಿದ್ದರೂ ಕಹಿ, ಮಸಾಲೆಯ ಜೊತೆ ರುಬ್ಬಿದರೂ ಕಹಿ. ಕೊನೆಗೆ ಮೀನು, ಸಣ್ಣ ಉರಿಯಲ್ಲಿ ಏಳು ನಿಮಿಷ. ಸೌಟು ಹಾಕಿ ಕಲಕಬೇಡಿ, ಪಾತ್ರೆಯ ಕಿವಿ ಹಿಡಿದು ಅಲುಗಿಸಿ. ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ, ಒಗ್ಗರಣೆ ಬೇಡ.

ಅಘನಾಶಿನಿ ಅಳಿವೆಯ ಬೆಳಚು (ಚಿಪ್ಪಿಮೀನು) ಸಿಕ್ಕಿದರೆ ಅದೂ ಬೇಗ ಆಗುವ ಅಡಿಗೆಯೇ, ಕಬ್ಬಿಣಾಂಶವೂ ಧಾರಾಳ. ಉಪ್ಪು ನೀರಿನಲ್ಲಿ ಎರಡು ತಾಸು ಬಿಟ್ಟರೆ ಮರಳು ಕಕ್ಕುತ್ತದೆ. ಬಾಯಿ ತೆರೆದಿರುವುದನ್ನು ತಟ್ಟಿದಾಗ ಮುಚ್ಚದಿದ್ದರೆ ಅದು ಸತ್ತದ್ದು. ಐದಾರು ನಿಮಿಷ ಹಬೆಯಲ್ಲಿ ಬೆಂದ ಮೇಲೂ ಬಾಯಿ ಬಿಡದಿದ್ದದ್ದು ತಿನ್ನಲು ಬಾರದು.

ಮಳೆಗಾಲದ ಎರಡು ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಹಸಿ ಮೀನು ದುಬಾರಿ, ಮನೆಯಲ್ಲಿ ಒಣ ಮೀನಿನ ಕಾಲ. ಉಪ್ಪು ಹಾಕಿ ಒಣಗಿಸಿದ ಬಂಗಡೆಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಆ ನೀರು ಚೆಲ್ಲಿ, ಪದಾರ್ಥಕ್ಕೆ ಬೇರೆ ಉಪ್ಪು ಹಾಕಬೇಡಿ. ರಕ್ತದೊತ್ತಡ ಇದ್ದವರಿಗೆ ಬಡಿಸದಿರುವುದೇ ಲೇಸು. ಒಣ ಶೆಟ್ಲಿಯನ್ನು (ಸಿಗಡಿ) ತಲೆ-ಬಾಲ ಮುರಿದು ನಾಲ್ಕು ನಿಮಿಷ ಹುರಿದು, ಈರುಳ್ಳಿ, ಕಾಯಿ, ಮೆಣಸು, ಹುಣಸೆಯೊಂದಿಗೆ ಕೈಯಲ್ಲಿ ಹಿಸುಕಿದರೆ ಗಂಜಿಗೆ ಜೊತೆ. ಮಿಕ್ಸಿಯ ಹಂಗೇ ಇಲ್ಲ.

ಈ ತಿಂಗಳುಗಳಲ್ಲಿ ಘಟ್ಟದ ಮೇಲೆ ಕರೆಂಟನ್ನು ನಂಬಿ ಅಡಿಗೆ ಯೋಜಿಸಬಾರದು. ಕಾಯಿಯನ್ನು ಇಡಿಯಾಗಿಯೇ ಇಟ್ಟುಕೊಂಡು ಎರಡು ದಿನಕ್ಕೊಂದು ಒಡೆಯಿರಿ, ರುಬ್ಬುವುದನ್ನು ಬೆಳಿಗ್ಗೆ ಕರೆಂಟ್ ಇರುವಾಗಲೇ ಮುಗಿಸಿ. ಕರೆಂಟ್ ಹೋದ ರಾತ್ರಿಗೆ ದಾಳಿತೋವೆ, ಹುರುಳಿ ಕಟ್ಟಿನ ಸಾರು, ಉಪ್ಪಿನಲ್ಲಿಟ್ಟ ಮಾವಿನ ಮಿಡಿ ಕಿವುಚಿ ಮಾಡುವ ಅಪ್ಪೆಹುಳಿ, ಈ ಮೂರಕ್ಕೂ ರುಬ್ಬುವ ಕೆಲಸವಿಲ್ಲ.

ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ಒಳಗಿನ ತಂಪು ಸುಮಾರು ನಾಲ್ಕು ತಾಸು ನಿಲ್ಲುತ್ತದೆ. ಬೇರೆ ಬಾಗಿಲಿನ, ತುಂಬಿದ ಫ್ರೀಜರ್ ಹೆಚ್ಚು ಕಡಿಮೆ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ ತಡೆಯುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನ ಸಣ್ಣ ಫ್ರೀಜರಿಗೆ ಈ ಲೆಕ್ಕ ಹಿಡಿಯಬೇಡಿ. ಒಳಗೆ ಒಂದು ಲೋಟದಲ್ಲಿ ನೀರು ಗಡ್ಡೆಕಟ್ಟಿಸಿ, ಮೇಲೊಂದು ನಾಣ್ಯ ಇಟ್ಟಿರಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳ ಸೇರಿದ್ದರೆ ನೀವಿಲ್ಲದಾಗ ಗಡ್ಡೆ ಕರಗಿ ಮತ್ತೆ ಕಟ್ಟಿದೆ. ಒಳಗಿನ ಮೀನು, ಕಾಯಿ ಎರಡನ್ನೂ ಹೊರಗೆ ಹಾಕಿ.